ಫ್ರೀ ಕೌನ್ಸೆಲಿಂಗ್‌ಗೆ ಹಣ ಕೊಡೋದು ಯಾರು?

ಹೋದ ವರ್ಷ ದಾವಣಗೆರೆಯಿಂದ ಅಕ್ಕನ ಮಗ ಅಭಿ ಬಂದಿದ್ದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಾನೆ. ಜರ್ಮನಿಯಲ್ಲಿ ಎಂಎಸ್ ಮಾಡಬೇಕು ಅಂತ ಆಸೆ. ‘ಚಿಕ್ಕಮ್ಮ, ಜಯನಗರದಲ್ಲಿ ಒಂದು ಕನ್ಸಲ್ಟೆನ್ಸಿ ಇದೆ, ಕೌನ್ಸೆಲಿಂಗ್ ಫ್ರೀ ಅಂತೆ, ನೀನೂ ಬಾ’ ಅಂದ. ಹೋದೆ.

ಬೇಕರಿ ಮೇಲಿನ ಮಹಡಿ. ಗೋಡೆ ತುಂಬಾ ಆಫರ್ ಲೆಟರ್ ಹಿಡಿದು ನಿಂತ ಹುಡುಗ ಹುಡುಗಿಯರ ಫೋಟೋ. ನಮ್ಮ ಎದುರು ಕೂತ ಕೌನ್ಸೆಲರ್‌ಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಕುಡಿಯೋಕೆ ನೀರು ಕೊಟ್ಟಳು, ತಾಳ್ಮೆಯಿಂದ ಎಲ್ಲಾ ಕೇಳಿಕೊಂಡಳು. ಸಿಜಿಪಿಎ ಎಷ್ಟು, ಬ್ಯಾಕ್‌ಲಾಗ್ ಇದೆಯಾ, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬರೆದಿದ್ದೀರಾ, ಬಜೆಟ್ ಎಷ್ಟು. ಅಭಿ ‘ಜರ್ಮನಿ, ಪಬ್ಲಿಕ್ ಯೂನಿವರ್ಸಿಟಿ’ ಅಂದ ಕೂಡಲೇ ಮೌಸ್ ಮೇಲಿದ್ದ ಕೈ ನಿಂತಿತು.

‘ಪಬ್ಲಿಕ್ ಅಂದ್ರೆ ತುಂಬಾ ಕಾಯ್ಬೇಕು. ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಬರ್ಲಿನ್‌ನಲ್ಲಿ ಒಳ್ಳೆ ಪ್ರೈವೇಟ್ ಇದೆ, ಒಂದು ವಾರದಲ್ಲಿ ಆಫರ್ ಲೆಟರ್ ಬರುತ್ತೆ. ಇಲ್ಲಾಂದ್ರೆ ಯುಕೆ ನೋಡಿ, ಜನವರಿ ಇನ್‌ಟೇಕ್ ಇನ್ನೂ ಓಪನ್ ಇದೆ.’

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಜರ್ಮನಿಯ ಪಬ್ಲಿಕ್ ಯೂನಿವರ್ಸಿಟಿಗಳಿಗೆ ಕಾಯಬೇಕು, ನಿಜ. ಅವಳು ಹೇಳದೇ ಬಿಟ್ಟ ಮಾತೊಂದಿದೆ. ಆ ಯೂನಿವರ್ಸಿಟಿಗಳಲ್ಲಿ ಹೆಚ್ಚಿನವು ಹೊರದೇಶದ ವಿದ್ಯಾರ್ಥಿಗಳಿಂದಲೂ ಟ್ಯೂಷನ್ ಫೀಸ್ ತಗೊಳ್ಳೋದಿಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಈಚೆಗೆ ಶುರು ಮಾಡಿದೆ, ಇಂಥವು ಕೆಲವು ಮಾತ್ರ. ಫೀಸೇ ಇಲ್ಲದ ಕಡೆ ಏಜೆಂಟ್‌ಗೆ ಕಮಿಷನ್ ಎಲ್ಲಿಂದ ಬರಬೇಕು? ಬರ್ಲಿನ್‌ನ ಪ್ರೈವೇಟ್ ಕಾಲೇಜು ಫೀಸ್ ತಗೊಳ್ಳುತ್ತೆ, ಅದರಲ್ಲಿ ಒಂದು ಪಾಲು ಕೊಡುತ್ತೆ. ಫೀಸ್ ಇಲ್ಲದ ಯೂನಿವರ್ಸಿಟಿಯಿಂದ ಫೀಸ್ ಇರುವ ಕಾಲೇಜಿಗೆ ಅಭಿಯನ್ನು ತಿರುಗಿಸೋ ಕೆಲಸ ಐದು ನಿಮಿಷದಲ್ಲಿ ನಡೆದುಹೋಯಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತೆ.

ಈ ಲೆಕ್ಕ ಹೇಗೆ ನಡೆಯುತ್ತೆ ಅಂತ ಬಿಡಿಸಿ ಹೇಳ್ತೀನಿ. ವಿದೇಶಿ ಯೂನಿವರ್ಸಿಟಿ ಏಜೆಂಟ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತೆ. ವಿದ್ಯಾರ್ಥಿ ಸೇರಿ ಫೀಸ್ ಕಟ್ಟಿದ ಮೇಲೆ, ಸಾಮಾನ್ಯವಾಗಿ ಮೊದಲ ವರ್ಷದ ಫೀಸಿನ ಶೇ. 10ರಿಂದ 20ರಷ್ಟು ಏಜೆಂಟ್‌ಗೆ ಹೋಗುತ್ತೆ. ಕೆಲವು ಕಡೆ ಇನ್ನೂ ಜಾಸ್ತಿ. ಬ್ರಿಟನ್ನಿನ ಒಂದು ವರ್ಷದ ಎಂಎಸ್‌ಗೆ 18,000 ಪೌಂಡ್ ಫೀಸ್ ಅಂತಿಟ್ಟುಕೊಳ್ಳಿ. ಶೇ. 15 ಅಂದರೆ 2,700 ಪೌಂಡ್. ಪೌಂಡಿಗೆ 110 ರೂಪಾಯಿಯಂತೆ ಲೆಕ್ಕ ಹಾಕಿದರೂ ಹತ್ತಿರ ಹತ್ತಿರ 3 ಲಕ್ಷ ರೂಪಾಯಿ. ಒಬ್ಬ ಹುಡುಗನಿಂದ. ಈ ದುಡ್ಡು ಬರೋದು ಹುಡುಗ ಸೇರಿದರೆ ಮಾತ್ರ. ಅವನು ಪಾಸಾದನಾ, ಕೆಲಸ ಸಿಕ್ಕಿತಾ, ಅರ್ಧಕ್ಕೆ ಬಿಟ್ಟು ಬಂದನಾ ಅನ್ನೋದು ಕಮಿಷನ್ ಲೆಕ್ಕಕ್ಕೆ ಬರೋದಿಲ್ಲ.

ಅಪ್ಪ ಅಮ್ಮನ ಕೈಗೆ ಬಿಲ್ ಬರದೇ ಇರೋದರಿಂದ ಇದು ಪುಕ್ಕಟೆ ಅಂತ ಅನಿಸುತ್ತೆ. ಆದರೆ ಆ 18,000 ಪೌಂಡ್ ಕಟ್ಟೋದು ಯಾರು? ಅಕ್ಕ ಭಾವ ಕಟ್ಟಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು. ಅಂದರೆ ದಾವಣಗೆರೆಯ ಮನೆಯ ಪತ್ರ ಬ್ಯಾಂಕಿಗೆ ಹೋಗುತ್ತೆ. ಕಮಿಷನ್ ಹುಟ್ಟೋದು ಆ ಪತ್ರದಿಂದಲೇ, ಯೂನಿವರ್ಸಿಟಿಯ ಖಾತೆ ಹಾದು ಬರುತ್ತೆ ಅಷ್ಟೇ.

ಅಮೆರಿಕದಲ್ಲಿ ಈ ವಿಷಯಕ್ಕೆ ದೊಡ್ಡ ಜಗಳವೇ ಆಗಿದೆ. ಅಲ್ಲಿನ ಉನ್ನತ ಶಿಕ್ಷಣ ಕಾಯ್ದೆಗೆ 1992ರಲ್ಲಿ ಒಂದು ತಿದ್ದುಪಡಿ ತಂದರು. ವಿದ್ಯಾರ್ಥಿಗಳನ್ನು ಸೇರಿಸಿದ್ದಕ್ಕೆ ತಲೆಗಿಷ್ಟು ಅಂತ ಕಮಿಷನ್, ಬೋನಸ್ ಕೊಡುವ ಕಾಲೇಜಿಗೆ ಸರ್ಕಾರದ ವಿದ್ಯಾರ್ಥಿ ನೆರವಿನ ಹಣ ಸಿಗೋದಿಲ್ಲ ಅಂತ. ಅದೇ ಸಾಲಿನಲ್ಲಿ ಒಂದು ವಿನಾಯಿತಿಯೂ ಇದೆ. ಹೊರದೇಶದಲ್ಲಿ ವಾಸಿಸುವ, ಅಮೆರಿಕ ಸರ್ಕಾರದ ನೆರವಿಗೆ ಅರ್ಹರಲ್ಲದ ವಿದ್ಯಾರ್ಥಿಗಳಿಗೆ ಈ ನಿಯಮ ಅನ್ವಯಿಸೋದಿಲ್ಲ. ಅಂದರೆ ಮಿಚಿಗನ್‌ನ ಹುಡುಗನನ್ನು ಕಮಿಷನ್ ಆಸೆಗೆ ಕಾಲೇಜಿಗೆ ತಳ್ಳೋ ಹಾಗಿಲ್ಲ, ಮಂಡ್ಯದ ಹುಡುಗನನ್ನು ತಳ್ಳಬಹುದು. ಕಾರಣ ಸರಳ. ಕಾಯ್ದೆ ಕಾಯ್ತಾ ಇರೋದು ಅಮೆರಿಕ ಸರ್ಕಾರದ ದುಡ್ಡನ್ನು. ಮಂಡ್ಯದ ಹುಡುಗನ ಸಾಲ ಇಲ್ಲಿನ ಬ್ಯಾಂಕಿನದು, ಜಾಮೀನು ಅವನಪ್ಪನದು. ಅದಕ್ಕೆ ಕಾವಲಿಲ್ಲ. ನನಗೆ ಈ ಇಡೀ ವಿಷಯದ ಬುಡ ಇಲ್ಲೇ ಇದೆ ಅನಿಸುತ್ತೆ. ಪ್ರತಿ ದೇಶವೂ ತನ್ನ ಹಣ, ತನ್ನ ವೀಸಾ, ತನ್ನ ಯೂನಿವರ್ಸಿಟಿಗಳ ಹೆಸರು ಕಾಪಾಡೋಕೆ ನಿಯಮ ಮಾಡಿದೆ. ಸಾಲ ಮಾಡಿ ಕಳಿಸೋ ಮನೆಯವರನ್ನು ಕಾಪಾಡೋಕೆ ಅಂತ ಮೊದಲು ಕೂತು ಬರೆದ ನಿಯಮ ಕಡಿಮೆ.

ಅಲ್ಲಿನ ಕಾಲೇಜು ಅಡ್ಮಿಷನ್ ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘ, ನಾಕ್ಯಾಕ್, 2011ರಲ್ಲಿ ಹೊರದೇಶದ ವಿದ್ಯಾರ್ಥಿಗಳ ವಿಷಯದಲ್ಲೂ ಕಮಿಷನ್ ಬೇಡ ಅಂತ ಗಟ್ಟಿಯಾಗಿ ಹೇಳೋಕೆ ಹೊರಟಿತ್ತು. ಯೂನಿವರ್ಸಿಟಿಗಳು ಎದ್ದು ನಿಂತವು. ಸಮಿತಿ ಆಯಿತು, ಎರಡು ವರ್ಷ ಚರ್ಚೆ ನಡೆಯಿತು. 2013ರಲ್ಲಿ ಟೊರೊಂಟೊದಲ್ಲಿ ಸೇರಿದ ಸಭೆ ನಿಷೇಧ ಸಡಿಲಿಸಿತು. ಕಮಿಷನ್ ಕೊಡಬಹುದು, ಆದರೆ ಪಾರದರ್ಶಕತೆ, ಪ್ರಾಮಾಣಿಕತೆ, ಹೊಣೆ ಇರಬೇಕು ಅಂತ. ಅದಕ್ಕೂ ಮೊದಲೇ, 2008ರಲ್ಲಿ, ಏಜೆನ್ಸಿಗಳನ್ನು ಪರಿಶೀಲಿಸಿ ಸರ್ಟಿಫಿಕೇಟ್ ಕೊಡೋಕೆ ಏಐಆರ್‌ಸಿ ಅನ್ನುವ ಸಂಸ್ಥೆ ಹುಟ್ಟಿತ್ತು. ಅಮೆರಿಕ ಸರ್ಕಾರದ ‘ಎಜುಕೇಷನ್‌ಯುಎಸ್‌ಎ’ ಸಲಹಾ ಕೇಂದ್ರಗಳು ಮಾತ್ರ ಆ ದಿನಗಳಲ್ಲಿ ಕಮಿಷನ್ ಏಜೆಂಟ್‌ಗಳ ಜೊತೆ ಕೈಜೋಡಿಸೋದಿಲ್ಲ ಅನ್ನುವ ನೀತಿಯನ್ನೇ ಇಟ್ಟುಕೊಂಡಿದ್ದವು.

ಸರ್ಕಾರದ ಸಲಹಾ ಕೇಂದ್ರ ಬೇಡ ಅನ್ನೋದನ್ನು ಅದೇ ದೇಶದ ಯೂನಿವರ್ಸಿಟಿ ಮಾಡಿದರೆ ಏನಾಗುತ್ತೆ ಅಂತ 2016ರಲ್ಲಿ ಗೊತ್ತಾಯಿತು. ವೆಸ್ಟರ್ನ್ ಕೆಂಟಕಿ ಯೂನಿವರ್ಸಿಟಿ ಏಜೆಂಟ್‌ಗಳ ಮೂಲಕ ಭಾರತದಿಂದ ಕಂಪ್ಯೂಟರ್ ಸೈನ್ಸ್ ಎಂಎಸ್‌ಗೆ ವಿದ್ಯಾರ್ಥಿಗಳನ್ನು ತಂದಿತು. ಜಾಹೀರಾತಿನಲ್ಲಿ ‘ಸ್ಪಾಟ್ ಅಡ್ಮಿಷನ್’, ಫೀಸಿನಲ್ಲಿ ರಿಯಾಯಿತಿ. ಸುಮಾರು 60 ಜನ ಸೇರಿದರು. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಕನಿಷ್ಠ 25 ಜನರಿಗೆ ಕೋರ್ಸ್ ಬಿಡಿ ಅಂತ ಹೇಳಿದರು. ಪ್ರವೇಶಕ್ಕೆ ಬೇಕಾದ ಮಟ್ಟ ಅವರಿಗೆ ಇರಲಿಲ್ಲ, ಕೆಲವರಿಗೆ ಪ್ರೋಗ್ರಾಂ ಬರೆಯೋಕೇ ಬರುತ್ತಿರಲಿಲ್ಲ ಅಂತ ವಿಭಾಗದ ಮುಖ್ಯಸ್ಥರು ಹೇಳಿದ್ದರು. ಆ ಮಕ್ಕಳ ಜಾಗದಲ್ಲಿ ನಿಂತು ನೋಡಿ. ಊರಲ್ಲಿ ಬೀಳ್ಕೊಡುಗೆ ಆಗಿದೆ, ಸಾಲದ ಮೊದಲ ಕಂತು ಬಿಡುಗಡೆಯಾಗಿದೆ, ಸೇರಿ ಆರು ತಿಂಗಳಿಲ್ಲ. ಇನ್ನೊಂದು ಕಾಲೇಜು ಹುಡುಕಬೇಕು, ಇಲ್ಲಾ ವಾಪಸ್ ವಿಮಾನ ಹತ್ತಬೇಕು. ಅರ್ಹತೆ ನೋಡದೆ ಸೀಟು ಕೊಟ್ಟಿದ್ದು ಯೂನಿವರ್ಸಿಟಿ, ದಂಡ ಬಿದ್ದಿದ್ದು ಮಕ್ಕಳಿಗೆ.

ಹಾಗಂತ ಏಜೆಂಟ್ ಅಂದರೆ ಮೋಸಗಾರ ಅಂತ ಬರೆಯೋಕೆ ನಾನು ತಯಾರಿಲ್ಲ. ಮನೆಯಲ್ಲಿ ಮೊದಲ ಬಾರಿ ಪಾಸ್‌ಪೋರ್ಟ್ ಮಾಡಿಸಿದ ಹುಡುಗಿ. ಅಪ್ಪ ಅಡಿಕೆ ತೋಟ ನೋಡಿಕೊಂಡಿರೋರು. ಎಸ್‌ಒಪಿ ಅಂದರೇನು, ಅಕೌಂಟಿನಲ್ಲಿ ಹಣ ಎಷ್ಟು ದಿನದಿಂದ ಇರಬೇಕು, ಬಯೋಮೆಟ್ರಿಕ್ ಎಲ್ಲಿ ಕೊಡಬೇಕು, ಚಳಿಗೆ ಏನು ಒಯ್ಯಬೇಕು, ಇದನ್ನೆಲ್ಲ ಕನ್ನಡದಲ್ಲಿ ಕೂರಿಸಿ ಹೇಳೋರು ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಇರೋ ಒಬ್ಬ ಒಳ್ಳೆ ಕನ್ಸಲ್ಟೆಂಟ್. ಆ ಕೆಲಸಕ್ಕೆ ಹಣ ಸಿಗಲೇಬೇಕು. ಯಾರಿಂದ, ಎಷ್ಟು ಅನ್ನೋದನ್ನು ಆ ಹುಡುಗಿಯ ಅಪ್ಪನಿಗೆ ಹೇಳಬೇಕು ಅನ್ನೋದೇ ನನ್ನ ವಾದ.

ಸರಪಳಿ ಉದ್ದ ಆದಷ್ಟೂ ಈ ಮಾತು ಹೇಳೋರು ಇಲ್ಲವಾಗ್ತಾರೆ. ಯೂನಿವರ್ಸಿಟಿ ಒಂದು ದೊಡ್ಡ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿರುತ್ತೆ. ಆ ಕಂಪನಿ ಬೆಂಗಳೂರಿನ ಏಜೆಂಟ್‌ಗೆ ಕೊಡುತ್ತೆ. ಅವರ ಕೆಳಗೆ ಜಿಲ್ಲೆಗಳಲ್ಲಿ ಸಬ್ ಏಜೆಂಟ್‌ಗಳು. ಅವರು ಟ್ಯೂಷನ್ ಸೆಂಟರ್ ನಡೆಸುವವರಾಗಿರಬಹುದು, ಟಿಕೆಟ್ ಬುಕ್ ಮಾಡಿಕೊಡುವವರಾಗಿರಬಹುದು. ನಮ್ಮ ಹುಡುಗನ ಎದುರು ಕೂತು ಮಾತಾಡಿದವರ ಹೆಸರು ಯೂನಿವರ್ಸಿಟಿಯ ಯಾವ ಕಾಗದದಲ್ಲೂ ಇರೋದಿಲ್ಲ. ಏನಾದರೂ ಎಡವಟ್ಟಾದರೆ ಅವರು ನಮ್ಮ ಏಜೆಂಟೇ ಅಲ್ಲ ಅಂತ ಅಲ್ಲಿಂದ ಉತ್ತರ ಬರುತ್ತೆ.

ಕೆನಡಾದಲ್ಲಿ 2023ರಲ್ಲಿ ಹೊರಬಿದ್ದ ಪ್ರಕರಣ ನಿಮಗೆ ನೆನಪಿರಬಹುದು. ಪಂಜಾಬಿನಿಂದ ಹೋದ ನೂರಾರು ವಿದ್ಯಾರ್ಥಿಗಳು. ಜಲಂಧರ್‌ನ ಏಜೆಂಟ್ ಕೊಟ್ಟ ಅಡ್ಮಿಷನ್ ಪತ್ರ ಹಿಡಿದು ವೀಸಾ ಪಡೆದು ಹೋಗಿದ್ದರು. ಅಲ್ಲಿ ಇಳಿದ ಮೇಲೆ ‘ಆ ಕಾಲೇಜಿನಲ್ಲಿ ಸೀಟು ತುಂಬಿದೆ, ಬೇರೆ ಕಡೆ ಸೇರಿಕೊಳ್ಳಿ’ ಅಂತ ಅವನು ಹೇಳಿದ್ದ. ಬೇರೆ ಕಾಲೇಜಿನಲ್ಲಿ ಓದಿದರು, ಪಾಸಾದರು, ಕೆಲಸಕ್ಕೂ ಸೇರಿದರು. ವರ್ಷಗಳಾದ ಮೇಲೆ ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿಗೆ, ಅರ್ಜಿ ಹಾಕಿದಾಗ ಮೊದಲ ಪತ್ರವೇ ನಕಲಿ ಅಂತ ಗೊತ್ತಾಗಿ ಗಡೀಪಾರಿನ ನೋಟಿಸ್ ಬಂತು. ಬೀದಿಯಲ್ಲಿ ಧರಣಿ ಕೂತ ಮೇಲೆ, ಮೋಸ ಹೋದವರನ್ನು ಬೇರೆಯಾಗಿ ನೋಡ್ತೀವಿ ಅಂತ ಅಲ್ಲಿನ ವಲಸೆ ಸಚಿವ ಶಾನ್ ಫ್ರೇಸರ್ ಜೂನ್‌ನಲ್ಲಿ ಹೇಳಿದರು. ಆ ಏಜೆಂಟ್‌ಗೆ 2024ರಲ್ಲಿ ಕೆನಡಾದ ಕೋರ್ಟ್ ಮೂರು ವರ್ಷ ಶಿಕ್ಷೆ ಕೊಟ್ಟಿತು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡೋದು ಒಂದು ಸಣ್ಣ ವಿಷಯ. ಇಷ್ಟು ವರ್ಷ ಯಾರೂ ಆ ಕಾಲೇಜಿಗೆ ‘ಈ ಪತ್ರ ನಿಮ್ಮದೇನಾ’ ಅಂತ ಒಂದು ಇಮೇಲ್ ಕಳಿಸಿ ಕೇಳಿರಲಿಲ್ಲ. 2023ರ ಡಿಸೆಂಬರ್ 1ರಿಂದ ಕೆನಡಾ ಅದನ್ನು ಕಡ್ಡಾಯ ಮಾಡಿತು. ಪ್ರತಿ ಅಡ್ಮಿಷನ್ ಪತ್ರವನ್ನೂ ಕಾಲೇಜೇ ಹೌದು ಅನ್ನಬೇಕು. ಹಾಗೆ ನೋಡಿದಾಗ ಅನುಮಾನದ ಪತ್ರಗಳು 10,000ಕ್ಕೂ ಜಾಸ್ತಿ ಸಿಕ್ಕವು.

ಆಸ್ಟ್ರೇಲಿಯಾ ಬೇರೆಲ್ಲರಿಗಿಂತ ಮುಂದಿದೆ, ಅದಕ್ಕೆ ಕಾರಣ ಅದು ಮೊದಲೇ ಕೈ ಸುಟ್ಟುಕೊಂಡಿತ್ತು. 2009ರ ಹೊತ್ತಿಗೆ ಪಿಆರ್ ಆಸೆ ತೋರಿಸಿ ಅಡುಗೆ, ಹೇರ್‌ಡ್ರೆಸಿಂಗ್ ಕೋರ್ಸುಗಳಿಗೆ ನಮ್ಮ ಮಕ್ಕಳನ್ನು ಸಾವಿರಗಟ್ಟಲೆ ಸೇರಿಸಿದ್ದರು. ಎಷ್ಟೋ ಪ್ರೈವೇಟ್ ಕಾಲೇಜುಗಳು ರಾತ್ರೋರಾತ್ರಿ ಬಾಗಿಲು ಹಾಕಿದವು. ಆಮೇಲೆ ಅಲ್ಲಿನ ಸರ್ಕಾರ ನೇಮಿಸಿದ ಬ್ರೂಸ್ ಬೇರ್ಡ್ ಅವರ ವರದಿ ಬಂತು, ಕಾಯ್ದೆ ಬಿಗಿಯಾಯಿತು. ಈಗ ಅಲ್ಲಿನ ಕಾಲೇಜು ತನ್ನ ಏಜೆಂಟ್‌ಗಳ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಏಜೆಂಟ್ ಸುಳ್ಳು ಹೇಳಿ ಸೇರಿಸಿದ್ದು ಗೊತ್ತಾದರೆ ತಕ್ಷಣ ಸಂಬಂಧ ಕಡಿದುಕೊಳ್ಳಬೇಕು. ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್ ಜೊತೆ ಸೇರಿ 2012ರಲ್ಲಿ ‘ಲಂಡನ್ ಸ್ಟೇಟ್‌ಮೆಂಟ್’ ಅಂತ ಏಳು ತತ್ವ ಒಪ್ಪಿಕೊಂಡರು. ಓದಿದರೆ ಒಂದು ಮಾತೂ ತಪ್ಪಿಲ್ಲ. ಮುರಿದವರಿಗೆ ಶಿಕ್ಷೆ ಮಾತ್ರ ಅದರಲ್ಲಿಲ್ಲ. ಬ್ರಿಟನ್ನಿನಲ್ಲಿ 2021ರಲ್ಲಿ ಏಜೆಂಟ್ ಗುಣಮಟ್ಟದ ಚೌಕಟ್ಟು ಬಂತು, ಅದಕ್ಕೆ ಯೂನಿವರ್ಸಿಟಿಗಳು ಸಹಿ ಹಾಕಲೇಬೇಕು ಅಂತ ಸರ್ಕಾರ ಹೇಳಿದ್ದು 2024ರ ಮೇನಲ್ಲಿ.

ಇನ್ನು ನಮ್ಮ ಕಡೆ ನೋಡೋಣ. 1983ರ ಎಮಿಗ್ರೇಷನ್ ಕಾಯ್ದೆ ಇದೆ. ಗಲ್ಫ್‌ಗೆ ಕೆಲಸಕ್ಕೆ ಕಳಿಸೋ ಏಜೆಂಟ್ ನೋಂದಣಿ ಮಾಡಿಸಬೇಕು, ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಜಾಸ್ತಿ ತಗೊಳ್ಳುವಂತಿಲ್ಲ. ಆ ಕಾಯ್ದೆ ಇರೋದು ಕೆಲಸಕ್ಕೆ ಹೋಗುವವರಿಗೆ. ಓದೋಕೆ ಹೋಗುವವರು ಅದರೊಳಗೆ ಬರೋದಿಲ್ಲ. ಅಮೆರಿಕ ಒಂದರಲ್ಲೇ 2024–25ರಲ್ಲಿ 3,63,019 ಭಾರತೀಯ ವಿದ್ಯಾರ್ಥಿಗಳಿದ್ದರು. ಪಂಜಾಬ್ 2012ರ ಕಾಯ್ದೆಯಡಿ ಕನ್ಸಲ್ಟೆಂಟ್, ಐಇಎಲ್‌ಟಿಎಸ್ ಕೋಚಿಂಗ್, ಟಿಕೆಟ್ ಏಜೆಂಟ್ ಎಲ್ಲರಿಗೂ ಲೈಸೆನ್ಸ್ ಕಡ್ಡಾಯ ಮಾಡಿತು. ಒಳ್ಳೆ ಹೆಜ್ಜೆ. ಆದರೆ ಮೇಲೆ ಹೇಳಿದ ಜಲಂಧರ್ ಕಚೇರಿಗೂ ಲೈಸೆನ್ಸ್ ಇತ್ತು. ಸುದ್ದಿಯಾದ ಮೇಲೆ ಜಿಲ್ಲಾಡಳಿತ ಅದನ್ನು ಅಮಾನತು ಮಾಡಿತು. ಗೋಡೆಗೆ ಲೈಸೆನ್ಸ್ ತೂಗು ಹಾಕಿದ ಮಾತ್ರಕ್ಕೆ ಸಾಲದು, ಲೈಸೆನ್ಸ್ ಕೊಟ್ಟವರು ವರ್ಷಕ್ಕೊಮ್ಮೆಯಾದರೂ ಫೈಲ್ ತೆಗೆದು ನೋಡಬೇಕು.

ಬೇರೆ ವ್ಯವಹಾರಗಳಲ್ಲಿ ನಾವು ಇದನ್ನು ಮಾಡಿಕೊಂಡಿದ್ದೀವಿ. ಅಪಾರ್ಟ್‌ಮೆಂಟ್ ಮಾರಿಸೋ ಬ್ರೋಕರ್ ರೇರಾದಲ್ಲಿ ನೋಂದಣಿ ಮಾಡಿಸಬೇಕು. ಮ್ಯೂಚುವಲ್ ಫಂಡ್ ಮಾರುವವರಿಗೆ ನನ್ನ ದುಡ್ಡಿನಿಂದ ಎಷ್ಟು ಕಮಿಷನ್ ಹೋಯಿತು ಅಂತ 2016ರಿಂದ ಆರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟಿನಲ್ಲಿ ಬರುತ್ತೆ. ಮೊದಲ ಸಲ ಆ ಸಾಲು ಓದಿದಾಗ ನನ್ನ ಏಜೆಂಟ್‌ಗೆ ಫೋನ್ ಮಾಡಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ವಿವರಿಸಿದರು, ಈಗಲೂ ಅವರೇ ನನ್ನ ಏಜೆಂಟ್. ಐದು ಸಾವಿರ ರೂಪಾಯಿ ಎಸ್‌ಐಪಿಗೆ ಸಿಗುವ ಈ ಮಾಹಿತಿ, ಮನೆ ಅಡ ಇಟ್ಟು ಮಾಡೋ ಮೂವತ್ತು ಲಕ್ಷದ ಸಾಲಕ್ಕೆ ಸಿಗೋದಿಲ್ಲ ಅಂದರೆ ಹೇಗೆ?

ಕನ್ಸಲ್ಟೆನ್ಸಿ ಯಾರ ಪರ ಕೆಲಸ ಮಾಡುತ್ತೆ ಅನ್ನೋದಕ್ಕೆ ಉತ್ತರ ತೆರಿಗೆ ವ್ಯಾಜ್ಯಗಳಲ್ಲಿ ಸಿಗುತ್ತೆ. ವಿದೇಶಿ ಯೂನಿವರ್ಸಿಟಿಗಳಿಂದ ಬರುವ ಕಮಿಷನ್‌ಗೆ ಜಿಎಸ್‌ಟಿ ಕಟ್ಟಬೇಕಾ ಅನ್ನುವ ಪ್ರಶ್ನೆ 2018ರಲ್ಲಿ ಪಶ್ಚಿಮ ಬಂಗಾಳದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರದ, ಅಂದರೆ ತೆರಿಗೆ ಗೊಂದಲಗಳಿಗೆ ಮುಂಚೆಯೇ ತೀರ್ಪು ಹೇಳುವ ಸಂಸ್ಥೆಯ, ಮುಂದೆ ಬಂತು. ಕನ್ಸಲ್ಟೆನ್ಸಿಯ ವಾದ ಹೀಗಿತ್ತು: ನಮ್ಮ ಗ್ರಾಹಕ ವಿದೇಶಿ ಯೂನಿವರ್ಸಿಟಿ, ವಿದ್ಯಾರ್ಥಿ ಅಲ್ಲ, ಹಾಗಾಗಿ ಇದು ಸೇವೆಯ ರಫ್ತು, ತೆರಿಗೆ ಬೀಳೋದಿಲ್ಲ. ಪ್ರಾಧಿಕಾರ ಒಪ್ಪಲಿಲ್ಲ, ನೀವು ಮಧ್ಯವರ್ತಿ ಅಂದಿತು. ಮುಂದೆ ಬೇರೆ ಪ್ರಕರಣಗಳಲ್ಲಿ ಕೋರ್ಟುಗಳು ಕನ್ಸಲ್ಟೆನ್ಸಿಗಳ ವಾದವನ್ನೇ ಎತ್ತಿಹಿಡಿದಿವೆ. ತೆರಿಗೆ ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಕೋರ್ಟಿನ ಮುಂದೆ ಹೇಳಿದ ಆ ಮಾತನ್ನು ಜಯನಗರದ ಮಹಡಿಯ ಮೇಲೆ ಅಭಿಯ ಮುಂದೆಯೂ ಹೇಳಬೇಕು ಅಲ್ವಾ? ‘ನಮ್ಮ ಗ್ರಾಹಕ ಆ ಕಾಲೇಜು, ನೀವಲ್ಲ’ ಅಂತ. ಅಷ್ಟು ಕೇಳಿದ್ದರೆ ಅವನು ಆ ಸಲಹೆಯನ್ನು ಬೇರೆ ಕಿವಿಯಿಂದ ಕೇಳುತ್ತಿದ್ದ.

ಎಂಬಿಬಿಎಸ್ ಓದೋಕೆ ವಿದೇಶಕ್ಕೆ ಕಳಿಸುವ ಏಜೆಂಟ್‌ಗಳ ಬಗ್ಗೆ ಬರೆಯೋಕೆ ಇನ್ನೊಂದು ಲೇಖನವೇ ಬೇಕು. ಒಂದು ಮಾತು ಮಾತ್ರ ಹೇಳಿಬಿಡ್ತೀನಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಇದರಲ್ಲಿ ಒಂದು ತಪ್ಪಿದರೂ ವಾಪಸ್ ಬಂದ ಮೇಲೆ ಇಲ್ಲಿ ಡಾಕ್ಟರ್ ಅಂತ ನೋಂದಣಿ ಆಗೋದಿಲ್ಲ. ‘ಎನ್‌ಎಂಸಿ ಅಪ್ರೂವ್ಡ್’ ಅಂತ ಬ್ಯಾನರ್ ಹಾಕಿದವರಿಗೆ ಈ ಮೂರನ್ನೂ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ ತರಿಸಿಕೊಡಿ ಅಂತ ಕೇಳಿ.

ನನ್ನ ಪ್ರಕಾರ ನೀತಿ ಸಂಹಿತೆ ಅಂತ ಒಂದಿದ್ದರೆ ಅದು ಶುರುವಾಗಬೇಕಾದದ್ದು ಕಮಿಷನ್ ಎಷ್ಟು ಅನ್ನೋದನ್ನು ಅರ್ಜಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೊಡೋದರಿಂದ. ಎರಡನೇದು, ಹೊಣೆ ಯೂನಿವರ್ಸಿಟಿಯದ್ದಾಗಬೇಕು. ಕಮಿಷನ್ ಕೊಟ್ಟು ಮಕ್ಕಳನ್ನು ತರಿಸಿಕೊಂಡವರು, ಸಬ್ ಏಜೆಂಟ್ ಆಡಿದ ಸುಳ್ಳಿಗೂ ಉತ್ತರ ಕೊಡಬೇಕು, ಮೋಸವಾದರೆ ಫೀಸ್ ವಾಪಸ್ ಕೊಡಬೇಕು. ಕಮಿಷನ್ನಿನ ಒಂದು ಪಾಲನ್ನು ಹುಡುಗ ಎರಡನೇ ಸೆಮಿಸ್ಟರ್ ಮುಗಿಸಿದ ಮೇಲೆ ಕೊಡುವ ಹಾಗಾದರೆ, ‘ಸೇರಿಸಿ ಕೈ ತೊಳ್ಕೊಳ್ಳೋದು’ ತಾನಾಗಿ ಕಡಿಮೆಯಾಗುತ್ತೆ. ಮತ್ತೆ ಹುಡುಗನ ದಾಖಲೆ ಹುಡುಗನ ಕೈಯಲ್ಲೇ ಇರಬೇಕು.

ಈ ಕೊನೆಯದನ್ನು ಸುಮ್ನೆ ಸೇರಿಸಿಲ್ಲ. ಜಯನಗರಕ್ಕೆ ಹೋದ ದಿನ ‘ವೆರಿಫಿಕೇಷನ್‌ಗೆ ಬೇಕು’ ಅಂದಿದ್ದಕ್ಕೆ ಅಭಿ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನು ಕೊಟ್ಟು ಬಂದಿದ್ದ. ನಾನು ಪಕ್ಕದಲ್ಲೇ ಇದ್ದೆ, ತಡೆಯಲಿಲ್ಲ. ಅವನ ಹೆಸರಲ್ಲಿ ಹೊಸ ಇಮೇಲ್ ಐಡಿ ಮಾಡಿ ಬರ್ಲಿನ್ನಿನ ಕಾಲೇಜಿಗೆ ಅರ್ಜಿಯನ್ನೂ ಹಾಕಿಬಿಟ್ಟಿದ್ದರು. ಪಾಸ್‌ವರ್ಡ್ ಅವರ ಹತ್ತಿರ. ಆಫರ್ ಲೆಟರ್ ಬಂದಿದ್ದು ಇವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಗೊತ್ತಾಯಿತು. ಬೇಡ ಅಂದಾಗ ಫೈಲ್ ಕ್ಯಾನ್ಸಲ್ ಮಾಡೋಕೆ 15,000 ರೂಪಾಯಿ ಕೊಡಿ, ಆಮೇಲೆ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ ಅಂದರು. ಭಾವ ಜಗಳ ಬೇಡ ಅಂತ ಕೊಟ್ಟರು. ರಸೀದಿ ಕೇಳಿದೆ, ಕೊಡಲಿಲ್ಲ.

ಆಮೇಲೆ ಹೋಗಿದ್ದು ರಾಜಾಜಿನಗರದ ಒಂದು ಸಣ್ಣ ಆಫೀಸಿಗೆ. ಒಬ್ಬರೇ ನಡೆಸೋದು. ನಾನು ಕೂತ ತಕ್ಷಣ ‘ಈ ಕಾಲೇಜಿಗೆ ಸೇರಿಸಿದರೆ ನಿಮಗೆ ಎಷ್ಟು ಸಿಗುತ್ತೆ ಸರ್?’ ಅಂತ ನೇರವಾಗಿ ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಟೇಬಲ್ ಮೇಲಿದ್ದ ಹಾಳೆಯ ಹಿಂದೆ ಎರಡು ಸಾಲು ಬರೆದರು. ಪಬ್ಲಿಕ್‌ಗೆ ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಜರ್ಮನಿಯ ಕಡೆಯವರು ಕೊಡೋ ಪತ್ರ), ಅರ್ಜಿ, ವೀಸಾ ಎಲ್ಲಾ ನೋಡಿಕೊಳ್ಳೋಕೆ ನಿಮ್ಮಿಂದ 40,000. ಪ್ರೈವೇಟ್‌ಗಾದರೆ ನಿಮ್ಮಿಂದ ಏನೂ ಇಲ್ಲ, ಕಾಲೇಜಿನಿಂದ ಶೇ. 15. ‘ಎರಡೂ ಬರೆದಿದ್ದೀನಿ ಮೇಡಂ. ಮನೇಲಿ ಕೂತು ಮಾತಾಡಿ, ಆಮೇಲೆ ಫೋನ್ ಮಾಡಿ’ ಅಂದರು. ಅಭಿ ಸಹಿ ಕೇಳಿದ. ತಾರೀಕು ಹಾಕಿ ಸಹಿ ಮಾಡಿದರು. ಆ ಹಾಳೆ ಅಕ್ಕನ ಬೀರುವಿನಲ್ಲಿ, ಮಾರ್ಕ್ಸ್ ಕಾರ್ಡ್‌ಗಳ ಜೊತೆ ಇದೆ.